ಎಣ್ಣೆ ಎಂಜಿನಿನ ವಾಲ್ವುಗಳ ಸದ್ದು: ಕಾರಣವೂ ಪರಿಹಾರವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಗಳಲ್ಲಿ ಮಳೆಯೊಂದನ್ನೇ ನಂಬಿ ಬೇಸಾಯ ಮಾಡುವುದು ಕಷ್ಟವೆಂಬುದು ಎಲ್ಲರೂ ಬಲ್ಲ ವಿಷಯ. ಹಡಗಲಿ, ಹರಪನಹಳ್ಳಿಗಳ ಕೆಲವು ಗ್ರಾಮಗಳಿಗೆ ತುಂಗಭದ್ರೆಯ ದಂಡೆಯುಂಟು. ಕೂಡ್ಲಿಗಿ, ಕೊಟ್ಟೂರುಗಳ ಕೆಮ್ಮಣ್ಣಿನ ಹೊಲಗಳಿಗೆ ಬಹುಮಟ್ಟಿಗೆ ಬಾವಿಯೇ ಗತಿ. ವಿದ್ಯುತ್ ಪಂಪುಗಳು ಬಂದ ಮೇಲೆಯೂ ಹಳೆಯ ಎಣ್ಣೆ ಎಂಜಿನುಗಳು ಅಲ್ಲಲ್ಲಿ ಉಳಿದಿವೆ. ಇಂಥ ನಿಧಾನಗತಿಯ ಎಂಜಿನುಗಳಲ್ಲಿ ಹೆಸರಾದ ಮಾದರಿಯೊಂದನ್ನು ಇಂಗ್ಲೆಂಡಿನ ಲಿಸ್ಟರ್ ಕಂಪೆನಿಯು 1929ರಲ್ಲಿ ಹೊರತಂದಿತು. ಪುಣೆಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯು ಸ್ಥಾಪಿತವಾದ ಮೇಲೆ ಸ್ವದೇಶದ ಎಂಜಿನುಗಳೂ ಬಳಕೆಗೆ ಬಂದವು.

ಇಂಥ ಎಂಜಿನು ತಲೆಯ ಭಾಗದಲ್ಲಿ ಟಕ್ ಟಕ್ ಎಂದು ಸದ್ದು ಮಾಡತೊಡಗಿದಾಗ ಮಾಲೀಕರು ಎರಡು ವಿಧವಾಗಿ ತಪ್ಪುವುದುಂಟು. ಕೆಲವರು ಮುದಿ ಎಂಜಿನಿಗೆ ಇದು ಸಹಜವೆಂದು ಸುಮ್ಮನಿರುವರು. ಮತ್ತೆ ಕೆಲವರು ಸದ್ದು ಪೂರ್ತಿಯಾಗಿ ಅಡಗುವವರೆಗೂ ತಿರುಪನ್ನು ಬಿಗಿಯುವರು. ಮೊದಲನೆಯ ತಪ್ಪಿಗಿಂತ ಎರಡನೆಯದು ಹೆಚ್ಚು ಕೇಡಿನದು.

ಸದ್ದು ಹುಟ್ಟುವ ಬಗೆ

ಸಿಲಿಂಡರಿನ ತಲೆಯಲ್ಲಿ ವಾಲ್ವುಗಳೆಂಬ ಎರಡು ಕವಾಟಗಳಿರುವುವು. ಒಂದು ಗಾಳಿಯನ್ನು ಒಳಗೆ ಬಿಡುವುದು. ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಕಳುಹಿಸುವುದು. ಕೆಳಗೆ ತಿರುಗುವ ಕ್ಯಾಮು ಟ್ಯಾಪೆಟ್ಟನ್ನು ಎತ್ತುವುದು. ಟ್ಯಾಪೆಟ್ಟು ಉದ್ದನೆಯ ತಳ್ಳುಕೋಲನ್ನು ಮೇಲಕ್ಕೆ ನೂಕುವುದು. ಕೋಲು ರಾಕರಿನ ಒಂದು ತುದಿಯನ್ನೆತ್ತಲು ಅದರ ಇನ್ನೊಂದು ತುದಿಯು ವಾಲ್ವನ್ನು ಒತ್ತಿ ತೆರೆಯುವುದು. ಬಾವಿಯ ಏತದ ಮರವನ್ನು ನೆನೆದರೆ ರಾಕರಿನ ಕೆಲಸವು ಸುಲಭವಾಗಿ ತಿಳಿಯುವುದು. ವಾಲ್ವನ್ನು ಮತ್ತೆ ಮುಚ್ಚುವುದು ಸ್ಪ್ರಿಂಗಿನ ಕೆಲಸ. ಎಂಜಿನು ಎರಡು ಸುತ್ತು ತಿರುಗಿದಾಗ ಪ್ರತಿ ವಾಲ್ವು ಒಮ್ಮೆ ತೆರೆಯುವುದು. ನಿಮಿಷಕ್ಕೆ 650 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ವಾಲ್ವು ನಿಮಿಷಕ್ಕೆ 325 ಬಾರಿ, ಎಂಟು ಗಂಟೆಯ ಕೆಲಸದಲ್ಲಿ 1,56,000 ಬಾರಿ ತೆರೆದು ಮುಚ್ಚುವುದು. ಇಷ್ಟು ಪೆಟ್ಟು ತಿನ್ನುವ ಭಾಗಗಳು ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ರಾಕರಿನ ತುದಿಗೂ ವಾಲ್ವಿನ ಕಡ್ಡಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕೇ ಬೇಕು. ಕಮ್ಮಾರನು ಬಂಡಿಯ ಗಾಲಿಗೆ ಪಟ್ಟಿ ಹಾಕುವಾಗ ಅದನ್ನು ಕಾಯಿಸಿ ಹಿಗ್ಗಿಸುವನಷ್ಟೆ. ಹಾಗೆಯೇ ಎಂಜಿನು ಕಾದಂತೆ ವಾಲ್ವಿನ ಕಡ್ಡಿಯೂ ಹಿಗ್ಗಿ ನೀಳವಾಗುವುದು. ಸಂದು ಇಲ್ಲದಿದ್ದರೆ ಕಾದ ವಾಲ್ವು ತನ್ನ ಪೀಠದ ಮೇಲೆ ಕೂರದೆ ಸದಾ ಸ್ವಲ್ಪ ತೆರೆದೇ ಇರುವುದು. ಆಗ ಸದ್ದಿಲ್ಲ, ಆದರೆ ಉರಿಯುವ ಅನಿಲವು ಆ ಬಿರುಕಿನಲ್ಲಿ ನುಗ್ಗಿ ವಾಲ್ವಿನ ಅಂಚನ್ನು ಸುಡುವುದು. ಎಂಜಿನು ಬೇಗ ಹೊತ್ತದು, ಬಲ ಕುಗ್ಗುವುದು. ಸಂದು ಹೆಚ್ಚಾದರೆ ವಾಲ್ವು ತಡವಾಗಿ, ಅರೆಬರೆಯಾಗಿ ತೆರೆಯುವುದು. ಭಾಗಗಳು ಒಂದನ್ನೊಂದು ಸುತ್ತಿಗೆಯಂತೆ ಬಡಿದು ಸವೆಯುವುವು.

ಪರೀಕ್ಷೆ

ಸದ್ದು ವಾಲ್ವಿನದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ವಾಲ್ವಿನ ಸದ್ದು ತೆಳುವಾಗಿ, ಎರಡು ಸುತ್ತಿಗೊಮ್ಮೆ, ಮೇಲ್ಗಡೆಯಿಂದ ಬರುವುದು. ಕೆಳಗಿನಿಂದ ದಪ್ಪನೆಯ ಗುದ್ದು ಕೇಳಿದರೆ ಅದು ಬೇರಿಂಗಿನದಾಗಿರಬಹುದು. ಕೂಡಲೆ ಎಂಜಿನು ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಬೇಕು. ಪರೀಕ್ಷಿಸುವವರು ಧೋತರದ ಅಂಚು, ಹೆಗಲ ವಸ್ತ್ರಗಳನ್ನು ತಿರುಗುವ ಚಕ್ರದಿಂದ ದೂರವಿಡಬೇಕು.

ಸಂದು ಸರಿಪಡಿಸುವ ಕ್ರಮ

ಎಂಜಿನನ್ನು ನಿಲ್ಲಿಸಿ, ಎಣ್ಣೆಯ ದಾರಿಯನ್ನು ಮುಚ್ಚಿ, ತಯಾರಕರ ಪುಸ್ತಕದಲ್ಲಿ ಸಂದಿನ ಅಳತೆಯನ್ನು ನೋಡತಕ್ಕದ್ದು. ಆ ಅಳತೆಯು ತಣ್ಣಗಿರುವ ಎಂಜಿನಿಗೋ ಬಿಸಿಯಾಗಿರುವುದಕ್ಕೋ ಎಂಬುದನ್ನೂ ಗಮನಿಸಬೇಕು. ಬಳಿಕ ಭಾರಚಕ್ರವನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಮೇಲ್ತುದಿಗೆ ತರಬೇಕು. ಆ ಸ್ಥಾನದ ಆಚೆಈಚೆ ಚಕ್ರವನ್ನು ತುಸು ಅಲ್ಲಾಡಿಸಿದಾಗ ರಾಕರುಗಳು ಕದಲಿದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸತಕ್ಕದ್ದು. ಎರಡು ರಾಕರುಗಳೂ ಕದಲದಿದ್ದರೆ ವಾಲ್ವುಗಳು ಮುಚ್ಚಿವೆಯೆಂದು ತಿಳಿಯಬೇಕು.

ಈಗ ಬೀಗದ ನಟ್ಟನ್ನು ಸಡಿಲಿಸಿ, ಹೇಳಿದ ದಪ್ಪದ ಫೀಲರ್ ಗೇಜಿನ ಅಲಗನ್ನು ಸಂದಿನಲ್ಲಿಟ್ಟು, ಅಲಗು ತುಸು ಹಿಡಿದು ಜಾರುವಂತೆ ತಿರುಪನ್ನು ತಿರುಗಿಸಬೇಕು. ನಟ್ಟನ್ನು ಬಿಗಿದ ಮೇಲೆ ಮತ್ತೊಮ್ಮೆ ಅಳೆಯುವುದು ಅವಶ್ಯ. ಬಿಗಿಯುವಾಗಲೇ ಅಳತೆಯು ತಪ್ಪುವುದುಂಟು. ಅಂಚೆಯ ಕಾಗದ, ಗರಗಸದ ಅಲಗು ಇವುಗಳಿಂದ ಅಂದಾಜು ಮಾಡುವುದು ಅಳತೆಯಲ್ಲ.

ಸದ್ದು ನಿಲ್ಲದಿದ್ದರೆ

ಮೊದಲು ರಾಕರಿಗೆ ಎಣ್ಣೆ ತಲಪುತ್ತಿದೆಯೇ ಎಂದು ನೋಡಬೇಕು. ಕೆಲವು ಎಂಜಿನುಗಳಲ್ಲಿ ಅದನ್ನು ಕೈಯಿಂದಲೇ ಹಾಕಬೇಕಾಗುವುದು. ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಗೇಜಿನ ಅಲಗು ಗುಳಿಯ ಮೇಲೆ ಹಾದು ತಪ್ಪು ಅಳತೆ ತೋರಿಸುವುದು. ಅಂಥ ತುದಿಯನ್ನು ಅದರ ಬಾಗು ಕೆಡದಂತೆ ಎಣ್ಣೆಗಲ್ಲಿನಲ್ಲಿ ಉಜ್ಜಿ ಸಮಮಾಡಬೇಕು, ಇಲ್ಲವೆ ಹೊಸದನ್ನು ಹಾಕಬೇಕು. ರಾಕರು ಅಡ್ಡಡ್ಡ ಅಲುಗಿದರೆ ಬುಶ್ಶು ಸವೆದಿದೆಯೆಂದು ಅರ್ಥ. ತಳ್ಳುಕೋಲನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟ ಕಾಣುವುದು. ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಬದಲಿಸತಕ್ಕದ್ದು.

ವಾಲ್ವಿನ ಅಂಚು ಸುಟ್ಟು ಸ್ವಲ್ಪವೇ ಒರಟಾಗಿದ್ದರೆ ಅರೆಯುವ ಪೇಸ್ಟು ಹಚ್ಚಿ ಪೀಠದೊಡನೆ ಉಜ್ಜಬಹುದು. ಸುತ್ತಲೂ ಕಡಿಯದ ಬೂದುಬಣ್ಣದ ಉಂಗುರವು ಕಂಡಾಗ ಕೆಲಸ ಮುಗಿಯಿತು. ಪೇಸ್ಟಿನ ಕಣವೂ ಉಳಿಯದಂತೆ ತೊಳೆದು, ವಾಲ್ವನ್ನು ಜೋಡಿಸಿ, ಅದರ ದಾರಿಯಲ್ಲಿ ಸೀಮೆಎಣ್ಣೆ ಹೊಯ್ದು ನೋಡಬೇಕು, ಎಣ್ಣೆಯು ಜಿನುಗಬಾರದು.

ಈರುಳ್ಳಿಯು ಗಡ್ಡೆ ಕಟ್ಟುವಾಗಲೋ ಮಲ್ಲಿಗೆಯು ಮೊಗ್ಗು ಬಿಡುವಾಗಲೋ ಎಂಜಿನು ಕೆಟ್ಟು ನಿಂತರೆ ನಷ್ಟವು ಎಂಜಿನಿನದಷ್ಟೇ ಅಲ್ಲ, ಬೆಳೆಯದೂ ಹೌದು. ವಾಲ್ವು ಮುರಿದು ಪಿಸ್ಟನ್ನಿನ ಮೇಲೆ ಬಿದ್ದರೆ ಅಂದಿನ ಕೆಲಸ ಮಾತ್ರವಲ್ಲದೆ ಎಂಜಿನೇ ಹೋಗಬಹುದು. ಆದಕಾರಣ ಊರಿನ ಗೌಡರೂ ಜಮೀನಿನ ಒಡೆಯರೂ ಕೂಡಿ ಊರಿಗೊಂದು ಫೀಲರ್ ಗೇಜನ್ನು ತರಿಸಿಡುವುದು, ಎಂಜಿನು ನಡೆದ ಗಂಟೆಗಳನ್ನೂ ಸಂದು ನೋಡಿದ ದಿನವನ್ನೂ ಪಂಪಿನ ಮನೆಯ ಗೋಡೆಯ ಮೇಲೆ ಬರೆಯಿಸುವುದು ಮೇಲು. ಹದವಾದ ಸಂದಿರುವ ಎಂಜಿನು ಮೆಲ್ಲನೆ ಸದ್ದು ಮಾಡಿಯೇ ಮಾಡುವುದು. ಅದು ಆರೋಗ್ಯದ ಸದ್ದು. ಹೆಚ್ಚಿದ ಸದ್ದನ್ನೂ ಪೂರ್ತಿ ಅಡಗಿದ ಸದ್ದನ್ನೂ ಎಚ್ಚರಿಕೆಯೆಂದೇ ಭಾವಿಸತಕ್ಕದ್ದು.