ಯೀಸ್ಟ್ ಹಾಕದ ವೈನ್

ಪಟ್ಟಂದೂರು ಅಗ್ರಹಾರದ ಬಳಿಯ ಪುಟ್ಟ ಹೋಟೆಲೊಂದರಲ್ಲಿ, ಚಿಕ್ಕ ಚಿಕ್ಕ ತಟ್ಟೆಗಳ ತಿನಿಸಿನ ಜೊತೆ ‘ನ್ಯಾಚುರಲ್ ವೈನ್’ ಕೊಟ್ಟರು. ಯೀಸ್ಟ್ ಹಾಕಿಲ್ಲವಂತೆ. ಹಾಗಾದರೆ ಅದು ಹುದುಗಿದ್ದು ಹೇಗೆ? ಬಣ್ಣವೇಕೆ ಅಷ್ಟು ಮಬ್ಬು?

ಇಡ್ಲಿ ಹಿಟ್ಟಿಗೆ ನಾವು ಏನನ್ನೂ ಬೆರೆಸದಿದ್ದರೂ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬಂದ ಸೂಕ್ಷ್ಮಜೀವಿಗಳ ಕೆಲಸವದು. ದ್ರಾಕ್ಷಿಯಲ್ಲೂ ಹೀಗೆಯೇ. ಸಿಪ್ಪೆಯ ಮೇಲೆ, ವೈನರಿಯ ಪೀಪಾಯಿ, ಉಪಕರಣಗಳಲ್ಲಿ ಕಾಡು ಯೀಸ್ಟ್‌ಗಳಿರುತ್ತವೆ. (ಹಣ್ಣಿನ ಮೇಲೆ ಕಾಣುವ ಬಿಳಿ ಪುಡಿಯೇ ಯೀಸ್ಟ್ ಎಂದು ಹಲವರು ನಂಬಿದ್ದಾರೆ. ಅದು ಮೇಣದ ಪದರ.)

ಹಣ್ಣು ಜಜ್ಜಿದೊಡನೆ ಈ ಯೀಸ್ಟ್‌ಗಳು ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಮೊದಲು ಹಲವು ಜಾತಿಗಳು ಒಟ್ಟಿಗೇ ಮುಗಿಬೀಳುತ್ತವೆ. ಆಲ್ಕೊಹಾಲು ಸುಮಾರು ಶೇಕಡಾ 5 ದಾಟುತ್ತಿದ್ದಂತೆ ಹೆಚ್ಚಿನವು ಸೋಲುತ್ತವೆ; ಅದನ್ನು ತಾಳಬಲ್ಲ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ಉಳಿದು ಕೆಲಸ ಮುಗಿಸುತ್ತದೆ. ಈ ಸರದಿಯಿಂದಲೇ ಪ್ರತಿ ಸಲದ ರುಚಿಯೂ ಬೇರೆಯಾಗುವುದು, ಮತ್ತು ನನಗೆ ಅದರ ಸೊಗಸೇ ಅಲ್ಲಿದೆ.

ಸಾಮಾನ್ಯ ವೈನ್ ತಯಾರಕರು ಆರಿಸಿದ ಯೀಸ್ಟ್ ಹಾಕಿ, ಕೊನೆಗೆ ಸೋಸಿ, ಕೆಡದಂತೆ ಸಲ್ಫೈಟ್ ಬೆರೆಸುತ್ತಾರೆ. ನ್ಯಾಚುರಲ್ ವೈನನ್ನು ಸಾಮಾನ್ಯವಾಗಿ ಸೋಸುವುದಿಲ್ಲ. ಸಲ್ಫೈಟ್ ಇಲ್ಲ, ಇದ್ದರೂ ಅತ್ಯಲ್ಪ. ಸತ್ತ ಯೀಸ್ಟ್ ಕಣಗಳು, ಹಣ್ಣಿನ ತಿರುಳಿನ ಚೂರುಗಳು ಅದರಲ್ಲೇ ತೇಲುತ್ತಿರುವುದರಿಂದ ಆ ಮಬ್ಬು. ಬಾಟಲಿಯನ್ನು ಅಲುಗಿಸದೆ ನಿಲ್ಲಿಸಿಟ್ಟರೆ ಗಷ್ಟು ತಳಕ್ಕೆ ಇಳಿಯುತ್ತದೆ.