ನೌರು ಎತ್ತಿದ ಭಾರ

ಕಾಮನ್‌ವೆಲ್ತ್ ಕ್ರೀಡಾಕೂಟದ ಪದಕಪಟ್ಟಿಯನ್ನು ನಾವು ಓದುವುದು ಮೇಲಿನಿಂದ. ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾ, ಆಮೇಲೆ ಭಾರತ ಸಿಕ್ಕಿತೆಂದರೆ ಪುಟ ಮಗುಚುತ್ತೇವೆ. ಅದೇ ಪಟ್ಟಿಯ ಕೆಳಸಾಲುಗಳಲ್ಲಿ ನೌರು ಎಂಬ ಹೆಸರೊಂದಿದೆ. 1990ರಿಂದ 2022ರವರೆಗೆ ನಡೆದ ಒಂಬತ್ತು ಕೂಟಗಳಲ್ಲಿ ಈ ದೇಶ 10 ಚಿನ್ನ ಸೇರಿ 30 ಪದಕ ಗೆದ್ದಿದೆ. ಒಂದು ಕೂಟದಿಂದಲೂ ಬರಿಗೈಯಲ್ಲಿ ಮರಳಿಲ್ಲ. ಜನಸಂಖ್ಯೆ ಹತ್ತು–ಹನ್ನೆರಡು ಸಾವಿರ. ಮೂವತ್ತೂ ಪದಕ ಬಂದಿರುವುದು ಒಂದೇ ಆಟದಿಂದ, ವೇಟ್‌ಲಿಫ್ಟಿಂಗ್‌ನಿಂದ.

ಇಷ್ಟು ಪುಟ್ಟ ದೇಶ ಕ್ರೀಡೆಯಲ್ಲಿ ಹೆಸರು ಮಾಡಬೇಕಾದರೆ ಎಲ್ಲದಕ್ಕೂ ಕೈಹಾಕುವಂತಿಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಗೊತ್ತಿರಬೇಕು. ನೌರು ತಂಡದ ಕಥೆ ಆ ಲೆಕ್ಕದ ಕಥೆಯೂ ಹೌದು.

ಫಾಸ್ಫೇಟ್ ದ್ವೀಪ

ಪೆಸಿಫಿಕ್ ಸಾಗರದಲ್ಲಿ, ಭೂಮಧ್ಯರೇಖೆಗೆ ತುಸು ದಕ್ಷಿಣಕ್ಕೆ ಇರುವ ಈ ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರ್. ಬೆಂಗಳೂರು ನಗರದ ಮೂವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಕರಾವಳಿಯ ಗುಂಟ ಸುತ್ತುವ ರಸ್ತೆ ಸುಮಾರು 19 ಕಿಲೋಮೀಟರ್. ಅಧಿಕೃತ ರಾಜಧಾನಿ ಇಲ್ಲ. ಸಂಸತ್ತು, ವಿಮಾನ ನಿಲ್ದಾಣ ಎರಡೂ ಯಾರೆನ್ ಜಿಲ್ಲೆಯಲ್ಲಿವೆ. ನೀಲಿ ಧ್ವಜದ ನಡುವೆ ಎಳೆದ ಹಳದಿ ಗೆರೆ ಭೂಮಧ್ಯರೇಖೆ. ಅದರ ಕೆಳಗಿನ ಬಿಳಿ ನಕ್ಷತ್ರ ನೌರು. ನಕ್ಷತ್ರದ ಹನ್ನೆರಡು ಮೊನೆಗಳು ದ್ವೀಪದ ಹನ್ನೆರಡು ಮೂಲ ಬುಡಕಟ್ಟುಗಳನ್ನು ಸೂಚಿಸುತ್ತವೆ.

ಈ ದ್ವೀಪದ ಒಡಲಲ್ಲಿ ಉತ್ಕೃಷ್ಟ ಫಾಸ್ಫೇಟ್ ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಣಿಗಾರಿಕೆ ಶುರುವಾಯಿತು. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಅದನ್ನು ತಮ್ಮ ಹೊಲಗಳ ಗೊಬ್ಬರಕ್ಕೆ ಸಾಗಿಸಿದವು. ಎರಡನೇ ಮಹಾಯುದ್ಧದಲ್ಲಿ ದ್ವೀಪವನ್ನು ಹಿಡಿದ ಜಪಾನಿ ಸೇನೆ ಸುಮಾರು 1,200 ನೌರು ಜನರನ್ನು ದೂರದ ಟ್ರುಕ್ ದ್ವೀಪಗಳಿಗೆ ಒಯ್ದಿತು. 1946ರ ಜನವರಿ 31ರಂದು ಅವರಲ್ಲಿ ಮರಳಿ ಬಂದವರು 737 ಮಂದಿ. 1968ರಲ್ಲಿ ಸ್ವಾತಂತ್ರ್ಯ ಪಡೆಯುವಾಗ ನೌರು ಅದೇ ಜನವರಿ 31ನ್ನು ಆರಿಸಿಕೊಂಡಿತು.

ಅಕ್ಟೋಬರ್ 26ರಂದು ಅಲ್ಲಿ ‘ಅಂಗಾಮ್’ ಎಂಬ ಹಬ್ಬ. 1932ರಲ್ಲಿ ನೌರು ಜನರ ಸಂಖ್ಯೆ 1,500 ಮುಟ್ಟಿದ್ದನ್ನು, ಯುದ್ಧದಲ್ಲಿ ಕುಗ್ಗಿ 1949ರಲ್ಲಿ ಮತ್ತೆ ಅಷ್ಟಾದದ್ದನ್ನು ನೆನೆಯುವ ದಿನ. ತಲೆ ಎಣಿಕೆಯನ್ನೇ ಹಬ್ಬ ಮಾಡಿಕೊಂಡ ಜನಕ್ಕೆ, ದೇಶದ ಬಣ್ಣ ತೊಟ್ಟು ಅಂಗಳಕ್ಕಿಳಿಯುವ ಒಬ್ಬ ಕ್ರೀಡಾಪಟು ಎಷ್ಟು ದೊಡ್ಡವನಾಗಿ ಕಂಡಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮೊದಲಿಗ ಮಾರ್ಕಸ್ ಸ್ಟೀಫನ್

ಸ್ವಾತಂತ್ರ್ಯದ ನಂತರ ಫಾಸ್ಫೇಟ್ ಹಣ ನೌರು ಜನರ ಕೈಸೇರಿತು. 1970–80ರ ದಶಕಗಳಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿನಲ್ಲಿ ಅದೂ ಇತ್ತು. ಮಕ್ಕಳು ಓದಲು ಆಸ್ಟ್ರೇಲಿಯಾಕ್ಕೆ ಹೋಗುವುದು ಆ ಕಾಲದ ವಾಡಿಕೆ. ಹಾಗೆ ವಿಕ್ಟೋರಿಯಾ ರಾಜ್ಯದ ಶಾಲೆ ಸೇರಿದ ಹುಡುಗರಲ್ಲಿ 1969ರಲ್ಲಿ ಹುಟ್ಟಿದ ಮಾರ್ಕಸ್ ಸ್ಟೀಫನ್ ಒಬ್ಬರು. ಅಲ್ಲಿ ಅವರಿಗೆ ವೇಟ್‌ಲಿಫ್ಟಿಂಗ್ ಹಿಡಿಸಿತು. ಪಾಲ್ ಕೋಫಾ ಎಂಬ ಆಸ್ಟ್ರೇಲಿಯಾದ ಕೋಚ್ ಸಿಕ್ಕರು.

1990ರ ಆಕ್ಲೆಂಡ್ ಕೂಟದಲ್ಲಿ ನೌರು ಮೊದಲ ಸಲ ಕಾಮನ್‌ವೆಲ್ತ್ ಅಂಗಳಕ್ಕಿಳಿಯಿತು. 60 ಕಿಲೋ ವಿಭಾಗದಲ್ಲಿ ಸ್ಟೀಫನ್ ಒಂದು ಚಿನ್ನ, ಎರಡು ಬೆಳ್ಳಿ ಗೆದ್ದರು. ಆದರೂ ಒಲಿಂಪಿಕ್ಸ್‌ನ ಬಾಗಿಲು ಅವರಿಗೆ ತೆರೆದಿರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಪಡೆದ ರಾಷ್ಟ್ರೀಯ ಸಮಿತಿ ನೌರುವಿಗೆ ಆಗ ಇರಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಟೀಫನ್ ಸಮೋವಾದ ಪೌರತ್ವ ಪಡೆದು ಆ ದೇಶದ ಪರವಾಗಿ ಭಾರ ಎತ್ತಬೇಕಾಯಿತು. 1994ರಲ್ಲಿ ಮಾನ್ಯತೆ ಬಂತು. 1996ರ ಅಟ್ಲಾಂಟಾಕ್ಕೆ ನೌರು ತನ್ನದೇ ಧ್ವಜದಡಿ ಮೂವರನ್ನು ಕಳಿಸಿತು. ಮೂವರೂ ವೇಟ್‌ಲಿಫ್ಟರ್‌ಗಳೇ.

1994ರ ವಿಕ್ಟೋರಿಯಾ (ಕೆನಡಾ) ಕೂಟದಲ್ಲಿ ಮೂರು ಚಿನ್ನ, 1998ರ ಕ್ವಾಲಾಲಂಪುರದಲ್ಲಿ ಮೂರು ಚಿನ್ನ, 2002ರ ಮ್ಯಾಂಚೆಸ್ಟರ್‌ನಲ್ಲಿ ಮೂರು ಬೆಳ್ಳಿ. ಎಲ್ಲ ಸೇರಿ ಸ್ಟೀಫನ್ ಒಬ್ಬರದೇ 12 ಕಾಮನ್‌ವೆಲ್ತ್ ಪದಕ. 1999ರಲ್ಲಿ ಅಥೆನ್ಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 62 ಕಿಲೋ ವಿಭಾಗದ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಅವರು ಎತ್ತಿದ್ದು 172.5 ಕಿಲೋ, ಅಂದರೆ ತಮ್ಮ ತೂಕದ ಎರಡೂಮುಕ್ಕಾಲು ಪಟ್ಟು. ಅದಕ್ಕೆ ಬೆಳ್ಳಿ ಬಂತು.

ಆಟ ಬಿಟ್ಟ ಮೇಲೆ ಅವರು ಹಿಡಿದದ್ದು ರಾಜಕೀಯ. 2003ರಲ್ಲಿ ಸಂಸತ್ ಸದಸ್ಯರಾದರು. 2007ರ ಡಿಸೆಂಬರ್‌ನಿಂದ 2011ರ ನವೆಂಬರ್‌ವರೆಗೆ ದೇಶದ ಅಧ್ಯಕ್ಷರಾಗಿದ್ದರು. 2019ರಲ್ಲಿ ಸಂಸತ್ತಿನ ಸ್ಪೀಕರ್ ಆದರು. ಬಾರ್ ಹಿಡಿದ ಕೈಯನ್ನು ಮತದಾರರು ನಂಬಿದರು.

ಇದೇ ಆಟ ಯಾಕೆ?

ನೌರು ಜನರ ಮೆಚ್ಚಿನ ಆಟ ನಿಜವಾಗಿ ವೇಟ್‌ಲಿಫ್ಟಿಂಗ್ ಅಲ್ಲ. ಅದು ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. ಫಾಸ್ಫೇಟ್ ಧೂಳಿನ ಲಿಂಕ್‌ಬೆಲ್ಟ್ ಓವಲ್ ಮೈದಾನದಲ್ಲಿ ಅದರ ಪಂದ್ಯ ನಡೆದರೆ ಊರೇ ಸೇರುತ್ತದೆ. ಆದರೆ ಆ ಆಟ ಒಲಿಂಪಿಕ್ಸ್‌ನಲ್ಲೂ ಇಲ್ಲ, ಕಾಮನ್‌ವೆಲ್ತ್‌ನಲ್ಲೂ ಇಲ್ಲ. ಇನ್ನು ಹಾಕಿ, ನೆಟ್‌ಬಾಲ್‌ನಂಥ ತಂಡದ ಆಟಗಳಿಗೆ ಹನ್ನೊಂದೋ ಏಳೋ ಮಂದಿ ಸಾಲದು. ಬದಲಿ ಆಟಗಾರರು ಬೇಕು, ಅವರು ಎದುರಿಸಿ ಪಳಗಲು ಎದುರಾಳಿ ತಂಡಗಳು ಬೇಕು. ಸಮುದ್ರದ ನಡುವಿನ ಒಂಟಿ ದ್ವೀಪಕ್ಕೆ ಪಕ್ಕದೂರಿನ ತಂಡ ಎಂಬುದೇ ಇಲ್ಲ.

ವೇಟ್‌ಲಿಫ್ಟಿಂಗ್ ಇಂಥ ಊರಿಗೆ ಒಗ್ಗುತ್ತದೆ. ಅದಕ್ಕೆ ಬೇಕಾದದ್ದು ನಾಲ್ಕು ಮೀಟರ್ ಚೌಕದ ಒಂದು ಕಟ್ಟೆ, ಬಾರ್, ತೂಕದ ಬಿಲ್ಲೆಗಳು, ಮೇಲೊಂದು ಸೂರು. ಗಂಡಸರ ಬಾರ್ 20 ಕಿಲೋ, ಹೆಂಗಸರದು 15. ಸ್ನ್ಯಾಚ್‌ನಲ್ಲಿ ಬಾರನ್ನು ನೆಲದಿಂದ ಒಂದೇ ಉಸಿರಿಗೆ ತಲೆಯ ಮೇಲಕ್ಕೆ ಒಯ್ಯಬೇಕು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಭುಜಕ್ಕೆ ತಂದು, ಅಲ್ಲಿಂದ ಮೇಲಕ್ಕೆ ಚಿಮ್ಮಿಸಬೇಕು. ಎರಡರಲ್ಲೂ ಮೂರು ಮೂರು ಅವಕಾಶ. ಎದುರಾಳಿ ಯಾರೇ ಇರಲಿ, ಕಿಲೋ ಬದಲಾಗುವುದಿಲ್ಲ. ನೌರುವಿನ ಕೊಠಡಿಯಲ್ಲಿ ಎತ್ತಿದ 150 ಕಿಲೋ ಮ್ಯಾಂಚೆಸ್ಟರ್‌ನಲ್ಲೂ 150 ಕಿಲೋವೇ. ಎದುರಾಳಿಯಿಲ್ಲದ ಊರಿನಲ್ಲೂ ತನ್ನ ಮಟ್ಟ ಎಷ್ಟೆಂದು ಹುಡುಗನಿಗೆ ತಿಳಿಯುತ್ತದೆ.

ದಪ್ಪ ಜನ, ಅದಕ್ಕೇ ಭಾರ ಎತ್ತುತ್ತಾರೆ ಎಂಬ ಹಗುರ ಮಾತೊಂದಿದೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಪ್ರಮಾಣ ಅತಿ ಹೆಚ್ಚಿರುವ ದೇಶಗಳಲ್ಲಿ ನೌರು ಒಂದೆಂಬುದು ನಿಜ. ಹೊಲ–ತೋಟದ ನೆಲ ಗಣಿಗೆ ಹೋಗಿ, ಊಟವೆಲ್ಲ ಹಡಗಿನಲ್ಲಿ ಬರುವ ಡಬ್ಬಿಗಳ ಮೇಲೆ ನಿಂತದ್ದರ ಫಲ ಅದು. ಆದರೆ ದೇಶದ ಅತಿ ದೊಡ್ಡ ಲಿಫ್ಟರ್ ಸ್ಟೀಫನ್ 60–62 ಕಿಲೋದವರು. 2010ರ ದೆಹಲಿ ಕೂಟದಲ್ಲಿ ಚಿನ್ನ ಗೆದ್ದ ಯೂಕಿಯೊ ಪೀಟರ್ 77 ಕಿಲೋ ವಿಭಾಗದವರು. ಪದಕ ತಂದದ್ದು ಮೈಯ ಗಾತ್ರ ಎನ್ನುವುದಕ್ಕಿಂತ ತರಬೇತಿ ಎನ್ನುವುದೇ ಸರಿ. ಆ ತರಬೇತಿಯ ಹಿಂದೆ ಬಹುಕಾಲ ಇದ್ದವರು ಕೋಫಾ. ಪೆಸಿಫಿಕ್‌ನ ಹಲವು ದ್ವೀಪಗಳ ಲಿಫ್ಟರ್‌ಗಳನ್ನು ಒಂದೆಡೆ ಇರಿಸಿ ಪಳಗಿಸುವ ಓಷಿಯಾನಿಯಾ ವೇಟ್‌ಲಿಫ್ಟಿಂಗ್ ಸಂಸ್ಥೆಯನ್ನು ಅವರು ನ್ಯೂ ಕ್ಯಾಲೆಡೋನಿಯಾದಲ್ಲಿ ನಡೆಸಿದರು. ಒಂದೊಂದು ದ್ವೀಪಕ್ಕೂ ಒಬ್ಬೊಬ್ಬ ಕೋಚ್, ಒಂದೊಂದು ಕೇಂದ್ರ ಕೈಗೆಟಕದ ಮಾತು. ಕೂಡಿ ನಡೆಸಿದರೆ ಎಲ್ಲರಿಗೂ ಎದುರಾಳಿಗಳೂ ಸಿಗುತ್ತಾರೆ.

ಬೊಕ್ಕಸ ಬರಿದಾದಾಗ

ನೌರು ಅತಿ ಹೆಚ್ಚು ಪದಕ ಗೆದ್ದದ್ದು 2002ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ: 2 ಚಿನ್ನ, 5 ಬೆಳ್ಳಿ, 8 ಕಂಚು. ಎರಡೂ ಚಿನ್ನ 75 ಕಿಲೋ ಮೇಲಿನ ವಿಭಾಗದ ರಿಯಾನಾ ಸಾಲೊಮನ್ ಅವರದು. ಕಾಮನ್‌ವೆಲ್ತ್ ಚಿನ್ನ ಗೆದ್ದ ನೌರುವಿನ ಮೊದಲ ಮಹಿಳೆ ಅವರು.

ಅದು ದೇಶದ ಸುಗ್ಗಿಯ ಕಾಲವೇನೂ ಆಗಿರಲಿಲ್ಲ. ಫಾಸ್ಫೇಟ್ ಬಹುಪಾಲು ಮುಗಿದಿತ್ತು. ಮುಂದಿನ ತಲೆಮಾರಿಗೆಂದು ಕೂಡಿಟ್ಟ ನಿಧಿ ಕೆಟ್ಟ ಹೂಡಿಕೆಗಳಲ್ಲಿ ಕರಗಿತ್ತು. 1993ರಲ್ಲಿ ಲಂಡನ್ ರಂಗಮಂದಿರದಲ್ಲಿ ಮುಗ್ಗರಿಸಿದ ಲಿಯೊನಾರ್ಡೊ ಡಾ ವಿಂಚಿ ಕುರಿತ ಸಂಗೀತ ನಾಟಕಕ್ಕೂ ಆ ಹಣ ಹೋಗಿತ್ತು. 2001ರಲ್ಲಿ ಆಸ್ಟ್ರೇಲಿಯಾ ತನ್ನ ತೀರಕ್ಕೆ ಬಂದ ಆಶ್ರಯಾಕಾಂಕ್ಷಿಗಳನ್ನು ಇರಿಸಲು ನೌರುವಿನಲ್ಲಿ ಶಿಬಿರ ತೆರೆಯಿತು. ಅದರಿಂದ ಬರುವ ಹಣವೇ ಆಧಾರವಾಗತೊಡಗಿತು. 2005ರ ಕೊನೆಯಲ್ಲಿ ಸಾಲ ತೀರಿಸಲಾಗದೆ ಏರ್ ನೌರುವಿನ ಒಂದೇ ಒಂದು ವಿಮಾನವೂ ಜಪ್ತಿಯಾಯಿತು.

ಮ್ಯಾಂಚೆಸ್ಟರ್‌ನ ಲೆಕ್ಕ ಓದುವಾಗ ಒಂದು ಎಚ್ಚರ ಬೇಕು. 1990ರಿಂದ 2002ರವರೆಗೆ ಪ್ರತಿ ತೂಕದ ವಿಭಾಗದಲ್ಲೂ ಸ್ನ್ಯಾಚ್‌ಗೆ, ಕ್ಲೀನ್ ಅಂಡ್ ಜರ್ಕ್‌ಗೆ, ಎರಡರ ಮೊತ್ತಕ್ಕೆ ಎಂದು ಮೂರು ಬೇರೆ ಬೇರೆ ಪದಕಗಳಿದ್ದವು. 2006ರಿಂದ ಮೊತ್ತಕ್ಕೆ ಮಾತ್ರ ಪದಕ. ಹಾಗಾಗಿ ಹದಿನೈದರಿಂದ ಒಂದಕ್ಕೆ, ಎರಡಕ್ಕೆ ಇಳಿದದ್ದರಲ್ಲಿ ನಿಯಮದ ಪಾಲೂ ಇದೆ.

ದೆಹಲಿ, ಬರ್ಮಿಂಗ್‌ಹ್ಯಾಮ್

ಭಾರತದ ಪ್ರೇಕ್ಷಕರು ನೌರುವನ್ನು ಹತ್ತಿರದಿಂದ ಕಂಡದ್ದು 2010ರ ದೆಹಲಿ ಕೂಟದಲ್ಲಿ. ಪುರುಷರ 77 ಕಿಲೋ ವಿಭಾಗದಲ್ಲಿ ಯೂಕಿಯೊ ಪೀಟರ್ ಚಿನ್ನ ಗೆದ್ದರು. ಅದೇ ವಿಭಾಗದ ಕಂಚು ಭಾರತದ ಸುಧೀರ್ ಕುಮಾರ್ ಚಿತ್ರದುರ್ಗ ಅವರಿಗೆ. 105 ಕಿಲೋ ಮೇಲಿನ ವಿಭಾಗದಲ್ಲಿ ಇಟ್ಟೆ ಡೆಟೆನಾಮೊ ಬೆಳ್ಳಿ ಪಡೆದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇಡೀ ನೌರು ತಂಡವೆಂದರೆ ಅವರೊಬ್ಬರೇ. 2014ರ ಗ್ಲಾಸ್ಗೊದಲ್ಲೂ ಅವರು ಬೆಳ್ಳಿ ಗೆದ್ದರು.

2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ನೌರುವಿಗೆ ಬೆಳ್ಳಿ ತಂದ ಚರಿಷ್ಮಾ ಅಮೋ–ಟ್ಯಾರಂಟ್ ಆಮೇಲೆ ಆಸ್ಟ್ರೇಲಿಯಾದ ಪರ ಸ್ಪರ್ಧಿಸಿದರು. ಸಣ್ಣ ದೇಶಗಳಿಗೆ ಇದು ಹೊಸ ಕಷ್ಟವಲ್ಲ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಕ್ಸಿಮಿನಾ ಉಏಪಾ ಮಹಿಳೆಯರ 76 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ನಮ್ಮ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 61 ಕಿಲೋ ವಿಭಾಗದ ಕಂಚು ಗೆದ್ದದ್ದೂ ಅದೇ ಕೂಟದಲ್ಲಿ.

ಒಲಿಂಪಿಕ್ಸ್‌ನ ಕಿರಿದಾದ ಬಾಗಿಲು

ಒಲಿಂಪಿಕ್ಸ್‌ನಲ್ಲಿ ನೌರು ಇದುವರೆಗೆ ಪದಕ ಗೆದ್ದಿಲ್ಲ. ಈಗ ಅಲ್ಲಿಗೆ ಲಿಫ್ಟರ್‌ಗಳನ್ನು ಕಳಿಸುವುದೇ ದುಸ್ತರ. ಉದ್ದೀಪನ ಮದ್ದಿನ ಹಗರಣಗಳು ಮತ್ತು ಈ ಆಟದ ಅಂತರರಾಷ್ಟ್ರೀಯ ಒಕ್ಕೂಟದ ಆಡಳಿತದ ಅವಾಂತರಗಳ ನಂತರ ಒಲಿಂಪಿಕ್ ಸಮಿತಿ ವೇಟ್‌ಲಿಫ್ಟಿಂಗ್‌ನ ಪಾಲನ್ನು ಕತ್ತರಿಸುತ್ತಾ ಬಂತು. ರಿಯೊದಲ್ಲಿ 260 ಇದ್ದ ಸ್ಪರ್ಧಿಗಳ ಮಿತಿ ಟೋಕಿಯೊದಲ್ಲಿ 196ಕ್ಕೆ, 2024ರ ಪ್ಯಾರಿಸ್‌ನಲ್ಲಿ 120ಕ್ಕೆ ಇಳಿಯಿತು. ತಪ್ಪು ಮಾಡಿದವರು ಯಾರೋ. ಮೊದಲು ಹೊರಗುಳಿಯುವವರು ಸಣ್ಣ ದೇಶದವರು.

ಟೋಕಿಯೊದಲ್ಲಿ ನೌರುವಿನಿಂದ ಲಿಫ್ಟರ್ ನ್ಯಾನ್ಸಿ ಗೆಂಜೆಲ್ ಅಬೌಕೆ, ಓಟಗಾರ ಜೋನಾ ಹ್ಯಾರಿಸ್ ಇದ್ದರು. ಪ್ಯಾರಿಸ್‌ಗೆ ಹೋದದ್ದು ಒಬ್ಬರೇ, 100 ಮೀಟರ್ ಓಟದ ವಿನ್ಜಾರ್ ಕಾಕಿಯೌಆ. ಅರ್ಹತಾ ಮಟ್ಟ ಮುಟ್ಟಿದವರು ಯಾರೂ ಇಲ್ಲದ ದೇಶಗಳಿಗೂ ಅಥ್ಲೆಟಿಕ್ಸ್‌ನಲ್ಲಿ ಒಂದು ಸ್ಥಾನ ಬಿಟ್ಟುಕೊಡುವ ಪದ್ಧತಿಯಿದೆ. ಹೀಗೆ ಬಂದ ಓಟಗಾರರು ಮುಖ್ಯ ಸುತ್ತಿಗೂ ಮೊದಲು ಪ್ರಾಥಮಿಕ ಸುತ್ತಿನಲ್ಲಿ ಓಡುತ್ತಾರೆ. ಬಹುಪಾಲು ಮಂದಿಯ ಒಲಿಂಪಿಕ್ಸ್ ಅಲ್ಲಿಗೇ ಮುಗಿಯುತ್ತದೆ. ಧ್ವಜಕ್ಕೆ ಮೆರವಣಿಗೆಯಲ್ಲಿ ಜಾಗ ಸಿಗುತ್ತದೆ ನಿಜ. ಆದರೆ ಮೂರು ದಶಕ ಕಷ್ಟಪಟ್ಟು ಕಲಿತ ವಿದ್ಯೆಯನ್ನು ತೋರಿಸಲು ಜಾಗವಿಲ್ಲ.

ಈ ಕಾರಣಕ್ಕೇ ನೌರುವಿಗೆ ಕಾಮನ್‌ವೆಲ್ತ್ ಕೂಟದ ತೂಕ ಹೆಚ್ಚು. 2023ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚಿನ ಕಾರಣ ಹೇಳಿ 2026ರ ಆತಿಥ್ಯದಿಂದ ಹಿಂದೆ ಸರಿದಾಗ, ಈ ಕೂಟದ ಕಾಲ ಮುಗಿಯಿತೇ ಎಂಬ ಚರ್ಚೆ ಎದ್ದಿತು. ಕೊನೆಗೆ ಗ್ಲಾಸ್ಗೊ ಹತ್ತೇ ಕ್ರೀಡೆಗಳ ಸಣ್ಣ ಕೂಟಕ್ಕೆ ಒಪ್ಪಿತು. ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್ ಎಲ್ಲ ಆ ಪಟ್ಟಿಯಿಂದ ಬಿಟ್ಟುಹೋದವು. ಭಾರತದಲ್ಲಿ ಅದಕ್ಕೆ ಬೇಸರಪಟ್ಟೆವು. ವೇಟ್‌ಲಿಫ್ಟಿಂಗ್ ಉಳಿಯಿತು. ಹತ್ತಾರು ಆಟಗಳಲ್ಲಿ ಪದಕ ಹುಡುಕುವ ದೊಡ್ಡ ದೇಶಕ್ಕೆ ಅದು ಪಟ್ಟಿಯ ಒಂದು ಸಾಲು ಮಾತ್ರ. ನೌರುವಿಗೆ ಆ ಒಂದು ಸಾಲೇ ಇಡೀ ಕೂಟ. 2030ರ ಕೂಟ ಅಹಮದಾಬಾದ್‌ಗೆ ಬರಲಿದೆ. ಯಾವ ಆಟ ಇರಬೇಕು, ಯಾವುದನ್ನು ಬಿಡಬೇಕು ಎಂಬ ಮಾತಿನಲ್ಲಿ ಆತಿಥೇಯರಾಗಿ ನಮ್ಮ ದನಿಗೂ ಬೆಲೆಯಿರುತ್ತದೆ. ನಮ್ಮ ಪದಕಗಳ ಲೆಕ್ಕ ಹಾಕುವಾಗ ನೌರುವಿನಂಥ ದೇಶಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯ ಆತಿಥೇಯರೆನಿಸಿಕೊಳ್ಳುತ್ತೇವೆ.