‘ಅಡ್ಡಿಲ್ಲೆ’ ಎಂಬ ಮಾತಿನ ಹೊರಗೆ

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯಕ್ಕೆ ನಾನು ಬಂದದ್ದು 2001ರ ಚಳಿಗಾಲದಲ್ಲಿ. ಎಂ.ಬಿ.ಬಿ.ಎಸ್., ಎಂ.ಡಿ. ಮುಗಿದಿದ್ದವು. ಐಇಎಲ್‌ಟಿಎಸ್ ಆಗಿತ್ತು, ಹೊರದೇಶದ ವೈದ್ಯರು ಬರೆಯಬೇಕಾದ ಪ್ಲ್ಯಾಬ್ ಪರೀಕ್ಷೆಯ ಎರಡು ಭಾಗಗಳನ್ನೂ ದಾಟಿದ್ದೆ. ಇಂಗ್ಲಿಷ್ ಬರುತ್ತದೆಂಬ ಪ್ರಮಾಣಪತ್ರವಿತ್ತು. ಅದು ಸಾಲದೆಂದು ಮೊದಲ ವಾರವೇ ತಿಳಿಯಿತು.

ವಾರ್ಡಿನಲ್ಲಿ ಕಲ್ಲಿದ್ದಲು ಗಣಿಯಿಂದ ನಿವೃತ್ತರಾದ ವೃದ್ಧರೊಬ್ಬರಿದ್ದರು. ಸಂಜೆಯ ಸುತ್ತಿನಲ್ಲಿ ಹೇಗಿದ್ದೀರೆಂದು ಕೇಳಿದೆ. ‘ನಾಟ್ ಟೂ ಬ್ಯಾಡ್’ ಎಂದರು. ಹಾಗೆಯೇ ಬರೆದುಕೊಂಡು ಮುಂದಿನ ಹಾಸಿಗೆಯತ್ತ ಹೊರಟೆ. ಹಿರಿಯ ನರ್ಸ್ ಒಬ್ಬರು ನನ್ನನ್ನು ತಡೆದು, “ಡಾಕ್ಟರ್, ಈ ಊರಿನವರು ಅಷ್ಟು ಹೇಳಿದರೆ ನೋವು ಸಾಕಷ್ಟಿದೆ ಎಂದರ್ಥ” ಎಂದರು. ಮರಳಿ ಹೋಗಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಾಗ ಅವರ ಮುಖ ಬಿಳಿಚಿತು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು.

ಹೊರಗಿನವನೆಂಬ ಭಾವ ಆ ದಿನ ನನ್ನಲ್ಲಿ ಬೇರೂರಿತು. ಚಹಾದ ಕೋಣೆಯಲ್ಲಿ ಸಹೋದ್ಯೋಗಿಗಳು ಬಾಲ್ಯದ ಟಿ.ವಿ. ಕಾರ್ಯಕ್ರಮಗಳನ್ನು ನೆನೆದು ನಗುವಾಗ ನಾನೂ ನಗುತ್ತಿದ್ದೆ, ಅರ್ಥವಾಗದೆ. ಆದರೆ ರೋಗಿಗಳ ಮುಂದೆ ಅದೇ ಭಾವ ಉಪಕಾರಿಯಾಯಿತು. ಭಾಷೆಯ ಹೊರಗೆ ನಿಂತವನು ಯಾವ ಮಾತನ್ನೂ ಸುಲಭವಾಗಿ ನಂಬುವುದಿಲ್ಲ. ‘ಪರವಾಗಿಲ್ಲ’ ಎಂದವರನ್ನೂ ಇನ್ನೆರಡು ಪ್ರಶ್ನೆ ಕೇಳುವುದು ನನಗೆ ರೂಢಿಯಾಯಿತು.

ನಾನು ಆ ಪ್ರಶ್ನೆಗಳನ್ನು ಕೇಳದೆ ಬಿಟ್ಟದ್ದು ಒಬ್ಬರನ್ನು ಮಾತ್ರ.

ಸಾಗರದ ಸಮೀಪದ ಹಳ್ಳಿಯಲ್ಲಿ ಅಮ್ಮ ಇದ್ದರು. ಪ್ರತಿ ಭಾನುವಾರದ ಫೋನಿನಲ್ಲಿ ಒಂದೇ ಉತ್ತರ: “ಅಡ್ಡಿಲ್ಲೆ ತಮಾ.” ಅದು ನನ್ನ ಮನೆಮಾತು, ಅನುಮಾನಿಸಲು ಕಾರಣವಿರಲಿಲ್ಲ. ಹಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವರು ಮೂರು ದಿಂಬುಗಳಿಗೆ ಒರಗಿ, ಕುಳಿತೇ ನಿದ್ರಿಸುತ್ತಿದ್ದರು. ಪಾದ ಬಾತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಉಳಿಯುತ್ತಿತ್ತು. ವೈದ್ಯವಿದ್ಯಾರ್ಥಿಯೂ ಗುರುತಿಸಬಲ್ಲ ಹೃದಯ ವೈಫಲ್ಯ.

“ಏಕೆ ಹೇಳಲಿಲ್ಲ?” ಎಂದೆ.

“ದೂರ ಇಪ್ಪವಂಗೆ ಹೇಳಿ ಎಂತ ಮಾಡದು?” ಎಂದರು.

ಕೊಟ್ಟಿಗೆಯ ಕೆಲಸಕ್ಕೆ ಬರುವ ಹೆಂಗಸಿಗೆ ಎಲ್ಲವೂ ಗೊತ್ತಿತ್ತು. “ಅಮ್ಮ ದೀಪಾವಳಿಗೂ ಮೊದಲಿಂದ ರಾತ್ರಿ ಸರಿಯಾಗಿ ಮಲಗಿಲ್ಲ” ಎಂದಳು. ಪರದೇಶದಲ್ಲಿ ಹೊರಗಿನವನಾದದ್ದಕ್ಕೆ ನಾನು ಸಿದ್ಧನಾಗಿದ್ದೆ. ನಮ್ಮ ಜಗುಲಿಯ ಮೇಲೆ ನಿಂತು ಆ ಮಾತು ಕೇಳಿದಾಗ ಆದ ಅನುಭವಕ್ಕೆ ಯಾವ ಪರೀಕ್ಷೆಯೂ ನನ್ನನ್ನು ಅಣಿಗೊಳಿಸಿರಲಿಲ್ಲ.

ಶಿವಮೊಗ್ಗದಲ್ಲಿ ಚಿಕಿತ್ಸೆಯಾಯಿತು. ನೀರು ಇಳಿಸುವ ಮಾತ್ರೆಗಳಿಂದ ಉಸಿರಾಟ ಹಗುರವಾಯಿತು. ಅನಂತರ ಅವರು ನಮ್ಮೊಂದಿಗಿದ್ದ ಮೂರು ವರ್ಷವೂ ನಾನು ‘ಹೇಗಿದ್ದೀಯ’ ಎಂದು ಕೇಳಲಿಲ್ಲ. ನಿನ್ನೆ ರಾತ್ರಿ ಎಷ್ಟು ದಿಂಬು? ಚಪ್ಪಲಿ ಬಿಗಿಯಾಗುತ್ತಿದೆಯೇ? ಬಾವಿಕಟ್ಟೆಯವರೆಗೆ ನಡೆಯುವಾಗ ಎಲ್ಲಿ ನಿಂತೆ? ಅಮ್ಮನಿಗೆ ನನ್ನ ಉಪಾಯ ತಿಳಿದುಹೋಯಿತು. “ಒಂದೇ ದಿಂಬು, ಡಾಕ್ಟ್ರೇ” ಎಂದು ನಗುತ್ತಿದ್ದರು. ಆ ನಗುವಿನ ನಡುವೆ ಏದುಸಿರು ಇದೆಯೇ ಎಂದು ನಾನು ಕಿವಿಗೊಟ್ಟು ಆಲಿಸುತ್ತಿದ್ದೆ.

ವಿದೇಶಕ್ಕೆ ಹೊರಟಿರುವ ಕಿರಿಯರು ಅಲ್ಲಿ ಪರಕೀಯರಾಗುವ ಭಯವನ್ನು ನನ್ನಲ್ಲಿ ಹೇಳಿಕೊಳ್ಳುತ್ತಾರೆ. ಆ ಭಯ ವರ್ಷಗಳಲ್ಲಿ ಕರಗುತ್ತದೆ. ಎಚ್ಚರ ಬೇಕಾದದ್ದು ಊರಿನ ಕಡೆಗೆ. ಮಕ್ಕಳನ್ನು ಕಳುಹಿಸಿಕೊಟ್ಟ ಹಿರಿಯರಲ್ಲಿಯೂ ಒಂದು ವಿನಂತಿ: ದೂರವಿದ್ದಾರೆಂಬ ಕಾರಣಕ್ಕೆ ನೋವನ್ನು ಮುಚ್ಚಿಡಬೇಡಿ. ನಮ್ಮನ್ನು ಹೊರಗಿನವರನ್ನಾಗಿಸುವುದು ಸುಮಾರು ಎಂಟು ಸಾವಿರ ಕಿಲೋಮೀಟರಿಗಿಂತಲೂ ಆ ಒಂದು ‘ಅಡ್ಡಿಲ್ಲೆ’.